ಅಂಗೈ ತೋರಿಸಿ ಒಳಗೆ ಬಂದವರು

ಸಾವಿನ ಸುದ್ದಿ ಹೊತ್ತು ಬಂದ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಓದಿದ ಕೂಡಲೇ ಹರಿದು ಹಾಕಬೇಕು ಎನ್ನುತ್ತಾರೆ. ಈ ಕಾಗದವನ್ನು ನಾನು ಹರಿದಿಲ್ಲ. ಎರಡು ವಾರದಿಂದ ಅಡಿಗೆಮನೆಯ ಗೂಡಿನಲ್ಲಿ ಪಂಚಾಂಗದ ಪಕ್ಕದಲ್ಲೇ ಇದೆ. ಬರೆದವರು ತುಮಕೂರಿನ ಕಡೆ ಒಂದು ಶಾಲೆಯಲ್ಲಿ ಗುಮಾಸ್ತರು, ನಮ್ಮ ವಠಾರದ ದೊಡ್ಡಮ್ಮನ ತಮ್ಮನ ಮಗ. ದೊಡ್ಡಮ್ಮ ತೀರಿಕೊಂಡರು, ಮೂರು ದಿನ ಮಲಗಿದ್ದರು ಅಷ್ಟೆ, ಯಾರಿಗೂ ತೊಂದರೆ ಕೊಡಲಿಲ್ಲ ಎಂದು ತಿಳಿಸಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ. "ಅತ್ತೆ ಯಾರ ಮನೆಗೆ ಹೋದರೂ ಹೊಸಿಲಿನಲ್ಲಿ ನಿಂತು ಎರಡೂ ಅಂಗೈ ತೋರಿಸಿ ಆಮೇಲೆ ಒಳಗೆ ಕಾಲಿಡುತ್ತಿದ್ದರು. ಯಾಕೆಂದು ಕೇಳಿದರೆ ನಗುತ್ತಿದ್ದರು. ಬೆಂಗಳೂರಿನಲ್ಲಿ ನೀವು ಅವರಿಗೆ ಬಹಳ ಹತ್ತಿರದವರಾಗಿದ್ದಿರಂತೆ. ಕಾರಣ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು."

ಗೊತ್ತಿದೆ. ನನಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಹತ್ತಿರದವಳು ಎಂಬ ಮಾತೊಂದು ಮಾತ್ರ ಚುಚ್ಚುತ್ತಿದೆ.

ನಾನು ಮದುವೆಯಾಗಿ ಚಾಮರಾಜಪೇಟೆಯ ಆ ವಠಾರಕ್ಕೆ ಬಂದಾಗ ಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುವುದೇ ಹೊಸ ಸೊಸೆಯ ಮೊದಲ ವಿದ್ಯೆ. ಆರು ಮನೆ, ನಡುವೆ ಅಂಗಳ, ಅಂಗಳದಲ್ಲಿ ಒಂದು ನಲ್ಲಿ, ಹಿಂದೆ ಸಾಲಾಗಿ ಮೂರು ಕಕ್ಕಸು. ಮೂಲೆಯ ಒಂದೇ ಕೋಣೆಯ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಹನ್ನೆರಡಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆಯ ಕೆಂಪು ಸೀರೆ. ಗಂಡನಿಗೂ ಅವರಿಗೂ ಒಟ್ಟಿಗೇ ವಿಷಮಶೀತಜ್ವರ ಬಂದಿತ್ತಂತೆ. ಈಗ ಟೈಫಾಯಿಡ್ ಎನ್ನುತ್ತೇವಲ್ಲ, ಅದೇ. ಹುಡುಗ ಹೋದ, ಹುಡುಗಿ ಉಳಿದಳು. "ಜ್ವರಕ್ಕೇ ತಲೆಗೂದಲೆಲ್ಲ ಉದುರಿ ಹೋಗಿತ್ತು. ಕ್ಷೌರದವನಿಗೆ ಕೆಲಸವೇ ಇರಲಿಲ್ಲ" ಎಂದು ಅವರೇ ನಗುತ್ತ ಹೇಳುತ್ತಿದ್ದರು. ಆ ಮಾತಿಗೆ ನಗಬೇಕೋ ಬೇಡವೋ ತಿಳಿಯದೆ ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ.

ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವರು ಎದುರಿಗೆ ಬರಬಾರದು. ಅದನ್ನು ಅವರೇ ನೋಡಿಕೊಳ್ಳುತ್ತಿದ್ದರು, ಬಾಗಿಲು ಮುಂದೆ ಮಾಡಿಕೊಂಡು ಒಳಗೇ ನಿಲ್ಲುತ್ತಿದ್ದರು. ಆದರೆ ಹಬ್ಬಕ್ಕೆ ಮಡಿ ಅಡಿಗೆ ಎಂದರೆ ಎಲ್ಲರಿಗೂ ಅವರೇ ಬೇಕು. ನಮ್ಮ ಜನದ ಈ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮುಖ ಅಪಶಕುನ, ಕೈ ಅಡಿಗೆ ಪ್ರಸಾದ.

ಆ ಕೈಗೆ ಇನ್ನೊಂದು ಕೆಲಸವಿತ್ತು. ವಠಾರದಲ್ಲಿ ಯಾವ ಮಗು ಹಾಸಿಗೆ ಹಿಡಿದರೂ ದೊಡ್ಡಮ್ಮ ಹಾಜರು. ಕರೆಯಬೇಕಾಗಿರಲಿಲ್ಲ. ಗಂಜಿಯ ಪಾತ್ರೆ ಒಂದು ಕೈಯಲ್ಲಿ, ಒಳಲೆ ಇನ್ನೊಂದು ಕೈಯಲ್ಲಿ. ಒಳಲೆ ಎಂದರೆ ಕೂಸುಗಳಿಗೆ ಹಾಲು ಕುಡಿಸಲು ಮೂತಿ ಮಾಡಿದ ಬೆಳ್ಳಿಯ ಪುಟ್ಟ ಬಟ್ಟಲು. ಅವರಿಗೆ ತವರಿನಿಂದ ಬಂದಿದ್ದು ಅದೊಂದೇ. ತಮ್ಮ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳಿಗೆ ಇರಲಿ ಎಂದು ತಾಯಿ ಕೊಟ್ಟದ್ದು. ಅದರಲ್ಲಿ ಊರ ಮಕ್ಕಳೆಲ್ಲ ಕುಡಿದರು. ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಳಲೆಗೆ ಗಂಜಿ ಬಗ್ಗಿಸಿ, ಕಿರುಬೆರಳು ಅದ್ದಿ, ಬಿಸಿ ಹದವಾಗಿದೆಯೇ ನೋಡಿ, ಆಮೇಲೆ ತುಟಿಗೆ ಇಡುತ್ತಿದ್ದರು. ಪ್ರತಿ ಸಲವೂ ಆ ಬೆರಳು. ಅದನ್ನು ನೋಡಿದರೆ ನನಗೆ ನನ್ನ ತಾಯಿಯ ನೆನಪಾಗಿ ಹೊಟ್ಟೆ ತಣ್ಣಗಾಗುತ್ತಿತ್ತು.

ರಾಮನವಮಿಯ ದಿನ ಇಡೀ ವಠಾರಕ್ಕೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಅವರದೇ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಕೂತು ಬೆಲ್ಲವನ್ನು ಕೈಯಲ್ಲಿ ಕಿವುಚಿ ಕಿವುಚಿ ಕರಗಿಸುತ್ತಿದ್ದರು. ಸೌಟು ಹಾಕಿ ತಿರುವಿದರೆ ಪಾನಕಕ್ಕೆ ರುಚಿ ಬರುವುದಿಲ್ಲ ಎಂದು ಅವರ ಹಟ. ಹಿತ್ತಾಳೆಯ ಕೊಳಗದಲ್ಲಿ ಏಲಕ್ಕಿ, ಮೆಣಸು, ನಿಂಬೆಯ ವಾಸನೆ. ಸಂಜೆ ಚಪ್ಪರದಲ್ಲಿ ಸಂಗೀತ ಕೇಳಲು ಹೋಗುವ ಮೊದಲು ಮಕ್ಕಳು ಮೂರು ಮೂರು ಲೋಟ ಏರಿಸಿ ಓಡುತ್ತಿದ್ದವು.

ಹಬ್ಬ ಮುಗಿದು ಎರಡು ವಾರಕ್ಕೋ ಮೂರು ವಾರಕ್ಕೋ ವಠಾರದಲ್ಲಿ ಒಂದಲ್ಲ ಒಂದು ಮಗುವಿಗೆ ಜ್ವರ. ಪ್ರತಿ ವರ್ಷವಲ್ಲ, ಆದರೆ ಹೆಚ್ಚುಕಡಿಮೆ ವರ್ಷ ಬಿಟ್ಟು ವರ್ಷ. ಬೇಸಿಗೆಯ ಜ್ವರ, ಮೈಗೆ ಉಷ್ಣ ಏರಿದೆ ಎಂದು ಎಲ್ಲರೂ ಹೇಳುತ್ತಿದ್ದೆವು. ಉಷ್ಣಕ್ಕೆ ಮದ್ದೇನು? ತಂಪು. ದೊಡ್ಡಮ್ಮ ಇನ್ನಷ್ಟು ಮಜ್ಜಿಗೆ ಮಾಡಿ, ಇನ್ನಷ್ಟು ಪಾನಕ ಕಿವುಚಿ, ಮನೆ ಮನೆಗೆ ಕೊಟ್ಟು ಬರುತ್ತಿದ್ದರು. ನಾವು ಇನ್ನಷ್ಟು ಕುಡಿಸುತ್ತಿದ್ದೆವು.

ಎದುರುಮನೆಯ ಸೀತಮ್ಮನ ಮಗಳು ಕಮಲಳಿಗೆ ಜ್ವರ ಬಂದದ್ದು ನಾನು ವಠಾರಕ್ಕೆ ಬಂದ ಎರಡನೆಯ ಬೇಸಿಗೆಯಲ್ಲಿ. ಏಳು ವರ್ಷದ ಹುಡುಗಿ, ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಆ ಕಾಲದಲ್ಲಿ ಟೈಫಾಯಿಡ್‌ಗೆ ಔಷಧಿ ಎನ್ನುವುದೇ ಇರಲಿಲ್ಲ. ಮೂರು ವಾರ ಕಾಯುವುದು, ಅಷ್ಟೆ. ಹಣೆಗೆ ಒದ್ದೆ ಬಟ್ಟೆ, ಬಾಯಿಗೆ ಬಾರ್ಲಿ ನೀರು, ಗಂಜಿಯ ತಿಳಿ. ಗಟ್ಟಿ ಪದಾರ್ಥ ಒಂದು ಅಗುಳೂ ಕೂಡದು, ಕರುಳು ಹುಣ್ಣಾಗಿರುತ್ತೆ, ತೂತು ಬಿದ್ದರೆ ಯಾರ ಕೈಲೂ ಏನೂ ಮಾಡೋಕಾಗಲ್ಲ ಎಂದು ಬೀದಿ ಮೂಲೆಯ ಡಾಕ್ಟರು ದಿನಾ ಬಂದು ಎಚ್ಚರಿಸಿ ಹೋಗುತ್ತಿದ್ದರು. ಮಗು "ಅನ್ನ ಕೊಡು ದೊಡ್ಡಮ್ಮ, ಒಂದೇ ತುತ್ತು" ಎಂದು ಬೇಡುತ್ತಿತ್ತು. ದೊಡ್ಡಮ್ಮ ಆ ಹದಿನೆಂಟು ದಿನ ತಾವೂ ಅನ್ನ ಮುಟ್ಟಲಿಲ್ಲ. ಮಗು ಕುಡಿದ ಗಂಜಿಯನ್ನೇ ಕುಡಿದು ಅದರ ಪಕ್ಕ ಕೂತಿದ್ದರು. ಹತ್ತೊಂಬತ್ತನೆಯ ದಿನ ಕಮಲಳ ಹೊಟ್ಟೆ ಉಬ್ಬಿ ಕಲ್ಲಾಯಿತು. ಮಧ್ಯಾಹ್ನದೊಳಗೆ ಮುಗಿದುಹೋಯಿತು. ದೊಡ್ಡಮ್ಮ ಒಳಲೆಯನ್ನು ಹಿಡಿದುಕೊಂಡೇ ಗೋಡೆಗೆ ಒರಗಿ ಕೂತಿದ್ದರು. ಯಾರು ಕೇಳಿದರೂ ಅದನ್ನು ಕೈಯಿಂದ ಬಿಡಲಿಲ್ಲ.

ಇದಾಗಿ ನಾಲ್ಕೈದು ವರ್ಷಕ್ಕೆ ನನ್ನ ಮಗ ಪುಟ್ಟುವಿನ ಸರದಿ ಬಂತು. ಆಗ ನಾನು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆ. ಬೆಳಗ್ಗೆ ಪ್ರಾರ್ಥನೆಯಾದ ಮೇಲೆ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಉಗುರು ನೋಡುವ ಕೆಲಸ ನನ್ನದು. ಅದರಲ್ಲಿ ನಾನು ಬಹಳ ಬಿಗಿ ಎಂದು ಹೆಸರಾಗಿತ್ತು. ಪುಟ್ಟುವಿಗೆ ನಾಲ್ಕು ವರ್ಷ. ರಾಮನವಮಿ ಕಳೆದು ಹದಿನೈದನೆಯ ದಿನ ಮೈ ಬೆಚ್ಚಗಾಯಿತು, ಮತ್ತೆ ಇಳಿಯಲೇ ಇಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಬಂದು, "ಅದೇ ಜ್ವರ" ಎಂದರು. ಕಣ್ಣೆದುರಿಗೆ ಕಮಲಳ ಹೊಟ್ಟೆ.

"ಗಾಬರಿ ಮಾಡ್ಕೋಬೇಡಿ ತಾಯಿ. ಈಗ ಔಷಧಿ ಬಂದಿದೆ. ಇದೇ ಜ್ವರಕ್ಕೆ ಅಂತ್ಲೇ ಹೊಸ ಕ್ಯಾಪ್ಸೂಲು. ಕಮಲನ ಕಾಲಕ್ಕೆ ಇರ್ಲಿಲ್ಲ, ನಮ್ಮ ದುರದೃಷ್ಟ" ಎಂದರು ಡಾಕ್ಟರು.

ಕ್ಯಾಪ್ಸೂಲು ಬಿಚ್ಚಿದರೆ ಒಳಗಿನ ಪುಡಿ ಬೇವಿಗಿಂತ ಕಹಿ. ಪುಟ್ಟು ಉಗಿದ, ನನ್ನ ಕೈ ಕಚ್ಚಿದ. ದೊಡ್ಡಮ್ಮನೇ ದಾರಿ ಹುಡುಕಿದರು. ಒಳಲೆಗೆ ಜೇನು ಹಾಕಿ, ಪುಡಿ ಬೆರೆಸಿ, ಬೆರಳ ತುದಿಯಿಂದ ನಾಲಿಗೆಗೆ ಸವರಿ, "ಇದು ಹನುಮಂತ ತಂದಿದ್ದು ಕಣೋ, ಕಹಿಯಾಗಿಲ್ದೆ ಇನ್ನೇನಾಗಿರುತ್ತೆ, ಬೆಟ್ಟದ ಸಮೇತ ಕಿತ್ಕೊಂಡು ಬಂದಿದಾನೆ" ಎಂದು ಕಥೆ ಹೇಳುತ್ತ ಆರು ಗಂಟೆಗೊಂದು ಸಲ ಪೂರ್ತಿ ಒಳಗೆ ಇಳಿಸುತ್ತಿದ್ದರು. ನಾಲ್ಕನೆಯ ದಿನಕ್ಕೆ ಜ್ವರ ಇಳಿಯಿತು. ಐದನೆಯ ದಿನ ಮಗು ಎದ್ದು ಕೂತು ಹೋಳಿಗೆ ಕೇಳಿತು. ಮೂರು ವಾರದ ಜ್ವರ ಐದು ದಿನದಲ್ಲಿ ಹೋಗುವುದನ್ನು ನಾವು ಕಂಡದ್ದೇ ಮೊದಲು. ಸೀತಮ್ಮ ಬಂದು ಪುಟ್ಟುವಿನ ಹಣೆ ಮುಟ್ಟಿ ನೋಡಿ ಹೊರಟುಹೋದಳು. ಅವಳ ಬೆನ್ನು ನೋಡಿ ನನಗೆ ನನ್ನ ಸಂತೋಷದ ಬಗ್ಗೆ ನಾಚಿಕೆಯಾಯಿತು.

ಔಷಧಿ ಮುಗಿದು ಹತ್ತು ದಿನಕ್ಕೆ ಜ್ವರ ತಿರುಗಿ ಬಂತು.

ಡಾಕ್ಟರು ಈ ಸಲ ಬಂದವರು ಬೇಗ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಅಂಗಳವನ್ನೇ ನೋಡುತ್ತಿದ್ದರು. "ಮರುಕಳಿಸೋದು ಈ ಔಷಧೀಲಿ ಉಂಟು, ಇನ್ನೊಂದು ಸುತ್ತು ಕೊಟ್ರೆ ಹೋಗುತ್ತೆ. ನನಗೆ ಯೋಚನೆ ಅದಲ್ಲ. ಈ ಒಂದು ವಠಾರದಲ್ಲೇ ಇದು ನಾನು ನೋಡ್ತಿರೋ ಐದನೇ ಮಗು. ನಲ್ಲಿ ನೀರಿಂದ ಅನ್ನೋಣ ಅಂದ್ರೆ ಅದೇ ನೀರು ಇಡೀ ಬೀದಿ ಕುಡಿಯುತ್ತೆ, ಅವರಿಗ್ಯಾರಿಗೂ ಇಲ್ಲ. ಮಗೂಗೆ ಗಂಜಿ ಯಾರಮ್ಮ ಕುಡಿಸೋದು?"

"ದೊಡ್ಡಮ್ಮ" ಎಂದೆ. ಹೆಮ್ಮೆಯಿಂದಲೇ ಹೇಳಿದೆ. "ಈ ವಠಾರದ ಮಕ್ಕಳಿಗೆಲ್ಲ ಅವರೇ. ಕಮಲನಿಗೂ ಅವರೇ ಕುಡಿಸಿದ್ದು. ರಾಮನವಮಿ ಪಾನಕಾನೂ ಅವರ ಕೈದೇ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಮಾರನೆಯ ದಿನ ವಠಾರದ ದೊಡ್ಡವರೆಲ್ಲರೂ ಮಲಪರೀಕ್ಷೆಗೆ ಸೀಸೆಯಲ್ಲಿ ಕೊಡಬೇಕೆಂದು ಅಪ್ಪಣೆಯಾಯಿತು. ಏನು ಗಲಾಟೆ! ನಮ್ಮ ಮಾವನವರು ಸಂಧ್ಯಾವಂದನೆ ಅರ್ಧಕ್ಕೆ ಬಿಟ್ಟು ಎದ್ದು ಬಂದು ಕೂಗಾಡಿದರು. ಯಜಮಾನರುಗಳೆಲ್ಲ ಅಂಗಳದಲ್ಲಿ ಸೇರಿ, ಡಾಕ್ಟರಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ಅವರನ್ನೆಲ್ಲ ಒಪ್ಪಿಸಿದವರು ದೊಡ್ಡಮ್ಮ. ಬಾಗಿಲ ಸಂದಿಯಿಂದಲೇ ಗದರಿದರು: "ಮಕ್ಕಳಿಗೋಸ್ಕರ ಕಣ್ರೋ. ಎಲ್ಲಿಂದ ಬರ್ತಿದೆ ಆ ಹಾಳು ಜ್ವರ ಅಂತ ಗೊತ್ತಾಗ್ಲಿ. ನಾಚಿಕೆಯಂತೆ ನಾಚಿಕೆ! ಮೊದ್ಲು ನನ್ನದು ತಗೊಂಡು ಹೋಗಪ್ಪ ಡಾಕ್ಟ್ರೇ." ಹಾಗೇ ಅವರದೇ ಮೊದಲು ಹೋಯಿತು.

ಮೂರು ಸಲ ಪರೀಕ್ಷೆ ಮಾಡಿದರಂತೆ, ತಪ್ಪಾಗಬಾರದು ಎಂದು. ಆಮೇಲೆ ಒಂದು ಮಧ್ಯಾಹ್ನ ಡಾಕ್ಟರು ಅವರ ಕೋಣೆಗೆ ಬಂದರು. ಜೊತೆಗೊಬ್ಬರು ಹೆಂಗಸರು ಇರಲಿ ಎಂದು ನನ್ನನ್ನೂ ಕರೆದರು. ದೊಡ್ಡಮ್ಮ ಬತ್ತಿ ಹೊಸೆಯುತ್ತಿದ್ದರು.

"ದೊಡ್ಡಮ್ಮ, ನಿಮಗೆ ಚಿಕ್ಕಂದಿನಲ್ಲಿ ಆ ಜ್ವರ ಬಂದಿತ್ತಲ್ಲ. ಜ್ವರ ಹೋಯ್ತು. ಅದರ ಕ್ರಿಮಿ ಹೋಗಿಲ್ಲ. ನಿಮ್ಮ ಪಿತ್ತಕೋಶದಲ್ಲಿ ಮನೆ ಮಾಡ್ಕೊಂಡು ಕೂತಿದೆ. ನಿಮಗೇನೂ ಮಾಡಲ್ಲ ಅದು. ಮಲದಲ್ಲಿ ಹೊರಗೆ ಬರುತ್ತೆ. ಕೈಗೆ ಎಲ್ಲೋ ಒಂಚೂರು ಉಳಿದಿರುತ್ತೆ. ಆ ಕೈ ಪಾನಕಕ್ಕೋ ಮಜ್ಜಿಗೆಗೋ ಹೋದ್ರೆ, ಅವು ಕುದಿಸೋ ಪದಾರ್ಥ ಅಲ್ವಲ್ಲ, ಕ್ರಿಮಿ ಸಾಯಲ್ಲ."

"ನಾನು ಮಡೀಲಿ ಮಾಡ್ತೀನಲ್ಲಪ್ಪ" ಎಂದರು ದೊಡ್ಡಮ್ಮ. "ಮೂರು ಸಲ ಸ್ನಾನ ಮಾಡ್ತೀನಿ. ಮಣ್ಣು ಹಾಕಿ ಉಜ್ಜಿ ತೊಳೀತೀನಿ."

"ಸೋಪು ಹಾಕ್ತೀರಾ?"

ದೊಡ್ಡಮ್ಮ ಬೆಚ್ಚಿದವರಂತೆ ನೋಡಿದರು. ಸೋಪಿನಲ್ಲಿ ಕೊಬ್ಬು ಇರುತ್ತದೆ, ಅದು ಮೈಲಿಗೆ. ಮಡಿಯ ಹೆಂಗಸು ಅದನ್ನು ಮುಟ್ಟುವುದುಂಟೆ? ಸೋಪು ಮುಟ್ಟದಿರುವುದೇ ಅವರ ಶುಚಿಯಾಗಿತ್ತು. ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟರು. ಆಮೇಲೆ ಬಹಳ ಮೆಲ್ಲಗೆ, "ಹಾಗಾದ್ರೆ ಕಮಲ?" ಎಂದರು.

"ಅದು ಹೇಳೋಕಾಗಲ್ಲ ದೊಡ್ಡಮ್ಮ. ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು." ಡಾಕ್ಟರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನೆಲ ನೋಡಿಕೊಂಡು ಹೇಳಿದರು.

ದೊಡ್ಡಮ್ಮ ಅಳಲಿಲ್ಲ. ಹೊಸೆದ ಬತ್ತಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಒಲೆಗೆ ಹಾಕಿದರು.

ಆ ದಿನ ಅವರ ಜೊತೆ ಕೂತು ಎರಡು ಒಳ್ಳೆಯ ಮಾತಾಡಿದ್ದರೆ ಇವತ್ತು ನಾನು ಇದನ್ನು ಬೇರೆ ರೀತಿ ಬರೆಯುತ್ತಿದ್ದೆ. ಆದರೆ ನನಗೆ ಆಗ ಬಂದದ್ದು ಸಿಟ್ಟು. ಒಳಗೆ ನನ್ನ ಮಗು ಎರಡನೆಯ ಸಲ ಮೈ ಸುಡುತ್ತ ಮಲಗಿತ್ತು. ಮಾರನೆಯ ಬೆಳಗ್ಗೆ ದೊಡ್ಡಮ್ಮ ಬಂದರು. ಗಂಜಿ ತಂದಿರಲಿಲ್ಲ, ಒಳಲೆಯೂ ಇರಲಿಲ್ಲ, ಬರಿಗೈ. ಮಗುವನ್ನು ನೋಡಿ ಹೋಗೋಣವೆಂದು ಬಂದಿದ್ದರು ಅಷ್ಟೆ. ನಾನು ಬಾಗಿಲಿಗೆ ಅಡ್ಡ ನಿಂತು, ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ, "ಕೈ ತೋರಿಸಿ ದೊಡ್ಡಮ್ಮ" ಎಂದೆ.

ನಲ್ಲಿಯ ಹತ್ತಿರ ನಾಲ್ಕು ಜನ ಕೊಡ ಹಿಡಿದು ನಿಂತಿದ್ದರು. ದೊಡ್ಡಮ್ಮ ಎರಡೂ ಕೈ ಮುಂದೆ ಚಾಚಿದರು. ಮೊದಲು ಅಂಗೈ, ಆಮೇಲೆ ತಿರುಗಿಸಿ ಉಗುರು, ಥೇಟ್ ನನ್ನ ಒಂದನೆಯ ತರಗತಿಯ ಹುಡುಗಿಯರ ಹಾಗೆ. ಕೈ ಕೆಂಪಾಗಿತ್ತು, ಕಾರ್ಬಾಲಿಕ್ ಸೋಪಿನ ಘಾಟು ಮೂಗಿಗೆ ಬಡಿಯಿತು. ನಲವತ್ತು ವರ್ಷ ಸಾಕಿದ ಮಡಿಯನ್ನು ಅವರು ಒಂದು ರಾತ್ರಿಯಲ್ಲಿ ಬಿಟ್ಟು ಬಂದಿದ್ದರು. ನಾನು ಪಕ್ಕಕ್ಕೆ ಸರಿದೆ.

ಅಂದಿನಿಂದ ಅವರು ಯಾರ ಮನೆಗೆ ಬಂದರೂ, ಯಾರೂ ಕೇಳದಿದ್ದರೂ, ಹೊಸಿಲಿನಲ್ಲಿ ನಿಂತು ಅಂಗೈ ತೋರಿಸಿಯೇ ಒಳಗೆ ಬರುತ್ತಿದ್ದರು. ಬರುವುದೂ ಕಡಿಮೆಯಾಯಿತು. ಮಕ್ಕಳು ಹತ್ತಿರ ಓಡಿ ಬಂದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಆ ಕಡೆ ಆಡ್ಕೋ ಹೋಗು ಕಂದ" ಎನ್ನುತ್ತಿದ್ದರು. ಪುಟ್ಟು ಎರಡನೆಯ ಸುತ್ತಿನ ಔಷಧಿಗೆ ಪೂರ್ತಿ ಚೇತರಿಸಿಕೊಂಡ. ಅವನಿಗೆ ಮಾತ್ರ ಅರ್ಥವಾಗುತ್ತಿರಲಿಲ್ಲ. "ದೊಡ್ಡಮ್ಮಂಗೆ ನನ್ ಮೇಲೆ ಕೋಪಾನಾ?" ಎಂದು ಕೇಳುತ್ತಿದ್ದ. ಅಲ್ಲ, ನನಗೆ ಅವರ ಮೇಲೆ ಕೋಪ ಎಂದು ಮಗುವಿಗೆ ಹೇಗೆ ಹೇಳಲಿ?

ಕ್ಯಾಪ್ಸೂಲಿನಿಂದ ಅವರ ಒಳಗಿನ ಕ್ರಿಮಿ ಹೋಗಲಿಲ್ಲ. ಡಾಕ್ಟರು ಕೊಟ್ಟು ನೋಡಿ ಕೈಚೆಲ್ಲಿದರು. ಪಿತ್ತಕೋಶವನ್ನೇ ಕೊಯ್ದು ತೆಗೆದರೆ ಕೆಲವರಿಗೆ ಹೋಗುತ್ತದೆ, ಆದರೆ ಐವತ್ತೈದು ದಾಟಿದವರಿಗೆ ಅದೆಲ್ಲ ಯಾಕೆ, ಅಡಿಗೆಯ ವಿಷಯದಲ್ಲಿ ಜೋಪಾನವಾಗಿದ್ದರೆ ಸಾಕು ಎಂದರು. ದೊಡ್ಡಮ್ಮ ಕೇಳಲಿಲ್ಲ.

"ನನಗೆ ಯಾಕೆ ಬೇಕಪ್ಪ ಆ ಪಿತ್ತ? ತೆಗೆದ್ಬಿಡಿ."

"ಪ್ರಾಣಕ್ಕೆ ಅಪಾಯ ಇದೆ ದೊಡ್ಡಮ್ಮ."

"ಒಂದು ಮಗೂಗೆ ಗಂಜಿ ಕುಡಿಸೋಕಾಗದ ಮೇಲೆ ಪ್ರಾಣ ಇಟ್ಕೊಂಡು ಏನ್ ಮಾಡ್ಲಿ?"

ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಅಲ್ಲಿನ ಅನ್ನ ಮುಟ್ಟದೆ ಬರೀ ಹಾಲು, ಮೂಸಂಬಿಯಲ್ಲೇ ಕಳೆದರು. ಸೀತಮ್ಮ ದಿನಾ ನಡೆದು ಹೋಗಿ ಕೊಟ್ಟು ಬರುತ್ತಿದ್ದಳು. ನಾನು ಎರಡು ಸಲ ಹೋಗಿದ್ದೆ. ಶಾಲೆ ಇತ್ತು, ಮಗು ಇತ್ತು, ನೆಪಕ್ಕೇನು ಬರ. ವಾಪಸು ಬಂದ ಮೇಲೆ ಆರು ತಿಂಗಳು ತಿಂಗಳಿಗೊಂದು ಸಲ ಪರೀಕ್ಷೆಯಾಯಿತು. ಆರು ಸಲವೂ ಏನೂ ಇಲ್ಲ. ಡಾಕ್ಟರು ಸ್ವತಃ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ದೊಡ್ಡಮ್ಮ ಈಗ ಶುದ್ಧ. ಅವರ ಕೈಯಿಂದ ನಾನೇ ಮಜ್ಜಿಗೆ ಕುಡೀತೀನಿ, ಬೇಕಾದ್ರೆ ನೋಡಿ." ಅಲ್ಲೇ ನಿಂತು ಕುಡಿದರು ಕೂಡ.

ಮುಂದಿನ ರಾಮನವಮಿಗೆ ದೊಡ್ಡಮ್ಮ ಪಾನಕ ಮಾಡಿದರು. ಕೊಳಗವಲ್ಲ, ಒಂದು ಚಿಕ್ಕ ತಪ್ಪಲೆ. ನೀರು ಕುದಿಸಿ ಆರಿಸಿದ್ದರು. ಬೆಲ್ಲವನ್ನು ಕೈಯಲ್ಲಿ ಕಿವುಚದೆ ಸೌಟಿನಲ್ಲಿ ತಿರುವಿದ್ದರು. ಮನೆ ಮನೆಗೆ ಒಂದೊಂದು ಲೋಟ ಹಿಡಿದು ಬಂದರು. ನಮ್ಮ ಹೊಸಿಲಿನಲ್ಲಿ ಲೋಟ ಕೆಳಗಿಟ್ಟು, ಅಂಗೈ ತೋರಿಸಿ, ಮತ್ತೆ ಲೋಟ ಎತ್ತಿ, "ಪುಟ್ಟೂಗೆ ಬೇಡ, ನೀನು ಕುಡಿ ಸಾಕು" ಎಂದರು. ಮುಖದಲ್ಲಿ ಎಂಥ ನಗು! ಒಂದು ವರ್ಷದಿಂದ ಕಂಡಿರಲಿಲ್ಲ.

"ಬಿಸಿಲಲ್ಲಿ ಬಂದಿದೀರಿ ದೊಡ್ಡಮ್ಮ. ಇಲ್ಲಿ ಕೊಡಿ, ಕುಡೀತೀನಿ" ಎಂದು ಲೋಟ ಇಸಿದುಕೊಂಡೆ. ಅವರು ಎದುರುಮನೆಗೆ ಹೋದರು.

ನಾನು ಓದಿದವಳು. ಆರು ಪರೀಕ್ಷೆ ಎಂದರೆ ಏನೆಂದು ತಿಳಿಯುವವಳು. ಲೋಟ ಬಾಯಿಯ ಹತ್ತಿರ ತಂದೆ. ಏಲಕ್ಕಿಯ ವಾಸನೆ ಬಂತು, ಹಿಂದೆಯೇ ಆ ಕಿರುಬೆರಳು ಕಣ್ಣಿಗೆ ಕಟ್ಟಿತು. ಹಿತ್ತಲ ಬಾಗಿಲಿಗೆ ಹೋಗಿ ಬಚ್ಚಲ ಮೋರಿಗೆ ಸುರಿದೆ. ತಲೆಯೆತ್ತಿದರೆ ದೊಡ್ಡಮ್ಮ. ಸೀತಮ್ಮನ ಮನೆಯ ಖಾಲಿ ಲೋಟ ಹಿಡಿದು, ನನ್ನದನ್ನೂ ತೆಗೆದುಕೊಂಡು ಹೋಗಲು ಹಿಂದುಗಡೆಯಿಂದ ಬರುತ್ತಿದ್ದರು. ಸೀತಮ್ಮ ಕುಡಿದಿದ್ದಳು. ಮಗಳನ್ನು ಕಳೆದುಕೊಂಡವಳು ಪೂರ್ತಿ ಲೋಟ ಕುಡಿದಿದ್ದಳು. ಮಗ ಉಳಿದವಳು ನಾನು ಮೋರಿಯ ಮುಂದೆ ನಿಂತಿದ್ದೆ.

ದೊಡ್ಡಮ್ಮ ಮೋರಿಯಲ್ಲಿ ಹರಿಯುತ್ತಿದ್ದುದನ್ನು ನೋಡಿದರು, ನನ್ನನ್ನು ನೋಡಿದರು.

"ಸೋಪು ಹಾಕೇ ತೊಳ್ದಿದ್ದೆ ಕಣೇ" ಎಂದರು. ಕೋಪವಿರಲಿಲ್ಲ, ಸಮಾಧಾನ ಹೇಳುವವರ ಹಾಗೆ ಹೇಳಿದರು. ಆಮೇಲೆ, "ಹೋಗ್ಲಿ ಬಿಡು, ಮಗು ಇರೋ ಮನೆ" ಎಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು ನಲ್ಲಿಗೆ ಹೋದರು.

ಆ ವರ್ಷವೇ ತಮ್ಮನ ಮಗನ ಮನೆಗೆ ಹೊರಟುಹೋದರು. ಹೋಗುವ ದಿನ ಸೀತಮ್ಮನನ್ನು ಕರೆದು ಒಳಲೆಯನ್ನು ಅವಳ ಕೈಗಿಟ್ಟರು. ನನ್ನ ಮನೆಗೂ ಬಂದು, ಅಂಗೈ ತೋರಿಸಿ, ಪುಟ್ಟುವಿನ ತಲೆಯನ್ನು ದೂರದಿಂದಲೇ ನೋಡಿ ಹೋದರು. ಕಾಲಿಗೆ ಬೀಳಬೇಕೆಂದು ನಾನು ಬಗ್ಗುವಷ್ಟರಲ್ಲಿ ಅವರು ಹೊಸಿಲು ದಾಟಿದ್ದರು.

ಗುಮಾಸ್ತರ ಕಾಗದಕ್ಕೆ ನಿನ್ನೆ ಉತ್ತರ ಬರೆದೆ. ದೊಡ್ಡಮ್ಮ ಅಲ್ಲಿನ ಮಕ್ಕಳಿಗೆ ಎಂದಾದರೂ ಗಂಜಿ ಕುಡಿಸುತ್ತಿದ್ದರೇ ಎಂದು ಕೇಳಬೇಕೆಂದಿದ್ದೆ, ಉತ್ತರಕ್ಕೆ ಹೆದರಿ ಕೇಳಲಿಲ್ಲ. ಅಂಗೈ ತೋರಿಸುವ ವಿಷಯಕ್ಕೆ, "ತಮ್ಮ ಅತ್ತೆಯವರಿಗೆ ಶುಚಿಯೆಂದರೆ ಬಹಳ ಇಷ್ಟ, ಅದು ಅವರೇ ಮಾಡಿಕೊಂಡಿದ್ದ ಪದ್ಧತಿ" ಎಂದು ಬರೆದೆ. ಅಂಚೆಪೆಟ್ಟಿಗೆಗೆ ಹಾಕಿ ಬಂದು ಕೈ ತೊಳೆದುಕೊಂಡೆ, ಸೋಪು ಹಾಕಿ, ಎರಡು ಸಲ.